ಬ್ರೇಕ್ ದೀಪಕ್ಕೆ ಇಬ್ಬರು ಬೇಕು

ಡೆಲ್ಮರ್,

ರಾತ್ರಿ ಪಾಳಿಗೆ ಹೊರಟೆ. ಆಲೂಗಡ್ಡೆ ಸೂಪ್ ಒಲೆ ಮೇಲಿದೆ. ಬಿಸಿ ಮಾಡ್ಕೊಂಡು ಕೂತು ತಿನ್ನು, ನಿಂತ್ಕೊಂಡಲ್ಲ.

ನಮ್ಮ ಟ್ರೈಲರ್ ಮನೆಯ ಬ್ರೇಕ್ ಯಾಕೆ ಹಿಡೀತಿರಲಿಲ್ಲ ಅಂತ ಗೊತ್ತಾಯ್ತು. ನೀನು ಚಕ್ರ ಬಿಚ್ಚಿ ಬೈದದ್ದೆಲ್ಲ ದಂಡ. ಮನೆ ಎಳೆಯೋ ಪಿಕಪ್‌ಗೆ ಸಿಕ್ಕಿಸೋ ಕರೆಂಟ್ ಪ್ಲಗ್ಗನ್ನ ನೆಲಕ್ಕೆ ಬಿಟ್ಟಿದ್ದೆಯಲ್ಲ ಮಹರಾಯ, ಸಕ್ಕರೆ ಬೀಟ್ ಹೊಲದ ಕೆಸರು ಒಳಗೆ ಹೋಗಿ ಕಿಲುಬು ಕಟ್ಟಿತ್ತು. ಉಜ್ಜಿದೆ. ಅರ್ತ್ ವೈರಿನ ತುದಿ ಕೆರೆದು ಬಿಗಿದೆ. ಈಗ ಹಿಡಿಯುತ್ತೆ. ಇನ್ಮೇಲೆ ಪ್ಲಗ್ ಕೊಕ್ಕೆಗೆ ನೇತುಹಾಕು.

ಹಿಂದಿನ ಬ್ರೇಕ್ ದೀಪ ಮಾತ್ರ ನೋಡಿಲ್ಲ. ಒಬ್ಬರು ಬ್ರೇಕ್ ತುಳಿದರೆ ಇನ್ನೊಬ್ಬರು ಹಿಂದೆ ನಿಂತು ‘ಹತ್ತಿತು’ ಅಂತ ಕೂಗಬೇಕಲ್ಲ. ಪಕ್ಕದ ಟ್ರೈಲರಿನ ವೆಂಡೆಲ್ ಅಜ್ಜ, “ಪೊರಕೆ ಕೋಲು ಆನಿಸಿ ಪೆಡಲ್ ಒತ್ತಿಡಮ್ಮ, ಅದಕ್ಕೆ ಗಂಡ ಯಾಕೆ ಬೇಕು?” ಅಂತ ನಕ್ಕ. ನಂಗೆ ನಗು ಬರಲಿಲ್ಲ.

ನಿಂದು ಹಗಲು, ನಂದು ರಾತ್ರಿ. ಈ ಬೀಟ್ ಕೊಯ್ಲು ಶುರುವಾದಾಗಿಂದ ನೀನು ಬಿಟ್ಟೆದ್ದ ಹಾಸಿಗೆಯ ಬಿಸಿಯಷ್ಟೇ ನಂಗೆ ಸಿಗ್ತಿರೋದು.

ಪೊರಕೆ ಮುಟ್ಟಬೇಡ. ಕೊಯ್ಲು ಮುಗಿದು ಮನೆ ಎಳ್ಕೊಂಡು ಅರಿಜೋನಾಗೆ ಹೊರಡೋ ದಿನ ನಾನು ತುಳೀತೀನಿ, ನೀನು ಹಿಂದೆ ನಿಂತು ಜೋರಾಗಿ ಕೂಗು.

ದೀಪ ಹತ್ತದಿದ್ದರೂ ಕೂಗು.

ಆರ್ಲಿಸ್