ಚಂದಮ್ಮನ ಹಿಂದಿನ ಸೀಟು

ಜನವರಿ ೧೮, ಭಾನುವಾರ

ಕಮಲಾಪುರದ ಆ ಕಾರು ಕಣ್ಣಿಂದ ಸರಿಯುತ್ತಿಲ್ಲ. ನನಗೆ ಬೇಕಾದದ್ದು ಸ್ಪೋರ್ಟ್ಸ್ ಕಾರಿನ ಗತ್ತಿರುವ ಹಳೆಯ ಕಾರು. ರಜೆ ದಿನ ಬಿಚ್ಚಿ ನಾನೇ ರಿಪೇರಿ ಮಾಡಬೇಕು, ಅದರಲ್ಲಿ ಮನೆಮಂದಿಯೆಲ್ಲ ಕೂರುವಂತಿರಬೇಕು. ಮೊದಲು ನಂದೂರಿನಲ್ಲಿ ನೋಡಿದ ಕಾರಿಗೆ ಎರಡೇ ಬಾಗಿಲು. ಮಂಡಿ ಮಡಚಲಾಗದ ನನ್ನ ತಾಯಿ ಅಮ್ಮಿ ಅದರ ಹಿಂದಿನ ಸೀಟಿಗೆ ನುಸುಳುವುದು ಆಗದ ಮಾತು.

ಅದಕ್ಕೇ ಇವತ್ತು ಅವಳನ್ನೂ ಕಮಲಾಪುರಕ್ಕೆ ಕರೆದೊಯ್ದೆ. ಗುರುಲಿಂಗ ಎಂಬವನ ಅಂಗಳದಲ್ಲಿ ನಾಲ್ಕು ಬಾಗಿಲಿನ ಹಳೆಯ ಕಾಂಟೆಸ್ಸಾ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಚಕ್ರವಿಲ್ಲದಿದ್ದರೂ ಏನು ಗತ್ತು! ಹಿಂದಿನ ಸೀಟಿನಲ್ಲಿ ಅವನ ತಾಯಿ ಚಂದಮ್ಮ ಕಾಲು ಚಾಚಿ ಮಲಗಿದ್ದಳು.

"ದಿನಾ ಮಧ್ಯಾಹ್ನ ಇಲ್ಲೇ ಮಲಗ್ತಾಳ್ರೀ. ಮಾರ್ತೀನಂತ ಆಕಿಗಿನ್ನಾ ಹೇಳಿಲ್ಲ," ಎಂದು ಗುರುಲಿಂಗ ಪಿಸುಗುಟ್ಟಿದ.

ಅಷ್ಟರಲ್ಲಿ ಮುದುಕಿ ಎದ್ದು ಸರಿದು ಅಮ್ಮಿಗೆ ಜಾಗ ಮಾಡಿದಳು. "ಬರ್ರೀ ಅಕ್ಕಾ, ಒಳಗ ಕೂಡ್ರಿ. ಸೊಂಟಕ್ಕ ಭಾಳ ಆರಾಮ."

ಅಮ್ಮಿ ಸಲೀಸಾಗಿ ಹತ್ತಿದಳು! ಇಬ್ಬರೂ ಕೆಂಪು ಬಾಳೆಹಣ್ಣು ಸುಲಿದು ತಿನ್ನುತ್ತ ಹರಟಿದ್ದೇ ಹರಟಿದ್ದು. ನಾನು ಹೊರಗೆ ನಿಂತು ಬಾನೆಟ್ ಸವರುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮಿ ಹೇಳಿದಳು: "ವೋ ಗಾಡಿ ನಕ್ಕೋ ಬೇಟಾ. ಅದು ಆಕಿ ಮಲಗೋ ಖೋಲಿ ಅದ."

ಇಷ್ಟು ಹುಡುಕಿದ ಮೇಲೆ ಅಮ್ಮಿ ಹತ್ತಬಲ್ಲ ಕಾರು ಸಿಕ್ಕಿದ್ದು ಅದೊಂದೇ. ಬೇಡ ಎಂದವಳೂ ಅವಳೇ. ಈಗ ನಾನು ಯಾರ ಮೇಲೆ ಸಿಟ್ಟಾಗಲಿ?