ಸೆರಗಿನ ಪುಟ

೧೪ ನವೆಂಬರ್ ೧೯೯೮, ಶನಿವಾರ.

ಟೇಪ್ ಓಡುತ್ತಿದೆ, ಮಾತಾಡಿಬಿಡುತ್ತೇನೆ. ಇಳಕಲ್ ಸೀರೆಯ ಬಗ್ಗೆ ಪುಸ್ತಕ ಬರೆದಿರುವ ನಮ್ಮೂರ ಕ್ಯಾಂಪ್ ಬಡಾವಣೆಯ ಸೀರೆ ವ್ಯಾಪಾರಿ ಶಿವಪುತ್ರಪ್ಪನವರಿಗೆ ಇವತ್ತು ಅದರ ನಮೂನೆ ಪ್ರತಿ ತೋರಿಸಿದೆ. ಕೊನೆಯ ಪುಟ ಕೆಂಪು ಸೆರಗಿನಂತೆ ಮೊಳದುದ್ದ ಬಿಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಲಗ್ನಪತ್ರಿಕೆಗಳನ್ನಷ್ಟೇ ವಿನ್ಯಾಸ ಮಾಡಿದ ನನಗೆ ಇದು ಮೊದಲ ಪುಸ್ತಕ. ಆ ಪುಟವನ್ನೇ ತೆಗೆಸಿಬಿಟ್ಟರೆ ಎಂಬ ಭಯ ಇತ್ತು.

"ಪುಸ್ತಕ ಅಂದ್ರ ಪುಸ್ತಕದಂಗ ಇರ್ಬೇಕ್ರಿ," ಅಂದರು. ಅನ್ನುತ್ತಲೇ ಪುಟ ಎಳೆದು, ಗಿರಾಕಿಗೆ ತೋರಿಸುವಂತೆ ಮುಂಗೈ ಮೇಲೆ ಹರವಿದರು.

ಅವರ ಹೆಂಡತಿ ಕಾಶವ್ವ ನಕ್ಕರು. "ಬ್ಯಾಡ ಅಂತೀರಿ, ಮತ್ತ ಮಾರಾಕ ನಿಂತೀರಲ್ರಿ."

ಶಿವಪುತ್ರಪ್ಪ ಮಡಚಲಿಲ್ಲ. "ಅಲ್ರಿ, ಇದನ್ನ ಕಡೀಕ್ಯಾಕ ಇಟ್ಟೀರಿ? ನಾವು ಸೆರಗ ಮೊದಲ ತೋರಸ್ತೀವಿ."

ಸೋಮವಾರ ಹೊಲಿಗೆ ಬಿಚ್ಚಿ, ಆ ಪುಟವನ್ನು ಪುಸ್ತಕದ ಮೊದಲಿಗೆ ಹೊಲಿಸಬೇಕು. ಬೈಂಡರ್ ಗೊಣಗುತ್ತಾನೆ, ಗೊಣಗಲಿ. ನಿದ್ದೆ ಎಳೆಯುತ್ತಿದೆ. ಆ ಕೆಂಪು ಮಾತ್ರ ಇನ್ನೊಂದು ಚೂರು ಗಾಢವಾದರೆ...