ಎಡಗೋಲಿನ ಎತ್ತು

ನೋರಾ ಪ್ರೇರಿ, ಮಿನೆಸೋಟಾ
೨೪ ನವೆಂಬರ್ ೧೮೯೦

ಪ್ರೀತಿಯ ತಂಗಿ ಬ್ರಿಟಾಳಿಗೆ,

ನಮ್ಮ ಸ್ವಾಂತೆ ಗೆದ್ದ. ನಲವತ್ತೊಂದು ಮತಗಳ ಅಂತರ. ನಮ್ಮ ಜಿಲ್ಲೆಯಿಂದ ರಾಜ್ಯದ ಶಾಸನಸಭೆಗೆ ಹೋಗುವ ಮೊದಲ ಸ್ವೀಡಿಷ್ ರೈತ ಅವನೇ ಎಂದು ಸೇಂಟ್ ಪಾಲಿನ ನಮ್ಮ ಭಾಷೆಯ ಪತ್ರಿಕೆ ಬರೆದಿದೆ. ನನಗೆ ಸುದ್ದಿ ಮುಟ್ಟಿಸಿದ್ದು ಪಕ್ಕದ ಹೊಲದ ಟ್ರೂಲ್ಸ್. ಬೇಲಿಯಾಚೆಯಿಂದಲೇ ಕೂಗಿದ: "ಆಲ್ಗೊಟ್, ಇನ್ಮೇಲೆ ನಿನ್ನ ತಮ್ಮನ್ನ ಮಾತಾಡಿಸೋಕೂ ಟೋಪಿ ತೆಗೀಬೇಕು ಕಣಯ್ಯಾ!"

ನಿನ್ನ ಪತ್ರ ಬಂದು ತಿಂಗಳಾಯಿತು. ಕೋಪ ಮಾಡಿಕೊಳ್ಳಬೇಡ. ಒಕ್ಕಣೆ ತಡವಾಯಿತು ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ಬರೆಯಲು ಕೂತಾಗಲೆಲ್ಲ ಸ್ವಾಂತೆಯ ವಿಷಯವೇ ಬಂತು, ಎದ್ದುಬಿಟ್ಟೆ. ನಾವು ಕ್ಷೇಮ. ನಿನ್ನ ಅತ್ತಿಗೆ ಎಲ್ನಾಳ ಕೆಮ್ಮು ಕಡಿಮೆಯಾಗಿದೆ. ಗೋಧಿ ಸಾಧಾರಣ. ಸ್ವಾಂತೆಯದು ಚೆನ್ನಾಗಿ ಬಂದಿದೆ, ಎಂದಿನಂತೆ.

ನಿನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನಲ್ಲಿ ಅವನಿಗೆ ಕಾಫಿ ಕೂಟ ಇಟ್ಟಿದ್ದರು. ಏಲಕ್ಕಿ ಬನ್ನು ಮಾಡಿದ್ದು ಎಲ್ನಾಳೇ. ಸ್ವಾಂತೆ ಹೊಸ ಕರಿಕೋಟು ಹಾಕಿಕೊಂಡು ಎದ್ದು ನಿಂತ. "ಈ ಹುಲ್ಲುಗಾವಲಿಗೆ ಬಂದಾಗ ನನ್ನ ಹತ್ರ ಇದ್ದಿದ್ದು ಎರಡು ಎತ್ತು, ಒಂದು ನೇಗಿಲು, ಮೇಲೊಬ್ಬ ದೇವರು," ಎಂದ. ಜನ ಮೇಜು ಕುಟ್ಟಿ ಮೆಚ್ಚಿದರು. ಆಗಸ್ಟಿನಲ್ಲಿ ಪತ್ರಿಕೆ ಅಚ್ಚುಹಾಕಿದ ಅವನ ಜೀವನಕಥೆಯಲ್ಲೂ ಇದೇ ಮಾತಿತ್ತು. ಅವನು ಊರಲ್ಲಿರುವ ಅಪ್ಪನಿಗೆ ಕಳಿಸಿದ್ದು ಅದನ್ನೇ.

ಆ ಎರಡರಲ್ಲಿ ಒಂದು ನನ್ನದು, ಬ್ರಿಟಾ. ರೈಲುಹಳಿ ಹಾಕುವ ಕೂಲಿಯಲ್ಲಿ ದುಡಿದು ತಲಾ ಒಂದೊಂದು ಕೊಂಡೆವು. ಅವನದು ನೊಗದ ಬಲಬದಿಗೆ, ಬಲಗೋಲಿಗೆ. ನಿಧಾನವಾಗಿ, ಉದ್ದಕ್ಕೆ ಕೂಗುತ್ತಿದ್ದರಿಂದ ಅದಕ್ಕೆ ಪಾದ್ರಿ ಎಂದು ಹೆಸರಿಟ್ಟಿದ್ದ. ನನ್ನ ಬ್ರೂನೆ ಎಡಗೋಲಿಗೆ. ಅವನ ಜಮೀನು ಹಳ್ಳದ ಹತ್ತಿರ, ಮಣ್ಣು ಮೆತ್ತಗೆ ಎಂದು ಅದನ್ನೇ ಮೊದಲು ಉತ್ತೆವು. ಅವನ ಗೋಧಿ ನನ್ನದಕ್ಕಿಂತ ಒಂದು ವರ್ಷ ಮೊದಲು ಮಾರುಕಟ್ಟೆಗೆ ಹೋಯಿತು. ಅವನು ಕುದುರೆ ಕೊಂಡ, ಪಾದ್ರಿಯನ್ನು ಕಟುಕನಿಗೆ ಮಾರಿದ. ಬ್ರೂನೆ ಬೇರೆ ಯಾವ ಎತ್ತಿನ ಜೊತೆಗೂ ಎಳೆಯಲಿಲ್ಲ. ನೊಗ ಹೂಡಿದರೆ ಬಲಕ್ಕೆ ತಿರುಗಿ ನೋಡುತ್ತ ನಿಂತುಬಿಡುತ್ತಿತ್ತು. ನನ್ನ ಹೊಲದ ಅರ್ಧ ಆ ವರ್ಷ ಹುಲ್ಲಾಗಿಯೇ ಉಳಿಯಿತು. ಅವತ್ತಿನಿಂದ ಅವನು ಮುಂದೆ, ನಾನು ಹಿಂದೆ.

ಕೂಟ ಮುಗಿದ ಮೇಲೆ ಕುದುರೆ ಲಾಯದ ಹತ್ತಿರ ಅವನನ್ನು ಹಿಡಿದು ಕೇಳಿದೆ: "ಎರಡೂ ಎತ್ತು ನಿಂದಾ?"

ಅವನು ನಕ್ಕ. "ಅಣ್ಣಾ, ಭಾಷಣದಲ್ಲಿ ಒಂದೊಂದು ಎತ್ತಿಗೂ ಯಜಮಾನನ ಹೆಸರು ಹೇಳ್ತಾ ಕೂತ್ರೆ ಜನ ಎದ್ದು ಹೋಗ್ತಾರೆ."

"ನನ್ನ ಹೆಸರು ಅಷ್ಟು ಉದ್ದ ಇದೆಯಾ?"

ಆಗ ಹೆಗಲ ಮೇಲೆ ಕೈಹಾಕಿದ. "ನಿನ್ನ ಮರೀತೀನಾ? ಶಾಸನಸಭೆಯಲ್ಲಿ ಬಾಗಿಲು ನೋಡ್ಕೊಳ್ಳೋನ ಕೆಲಸ ಒಂದಿದೆ. ಒಳಗೆ ಬೆಚ್ಚಗಿರುತ್ತೆ, ಚಳಿಗಾಲಕ್ಕೆ ಸಂಬಳವೂ ಬರುತ್ತೆ. ಹೊಸ ವರ್ಷದೊಳಗೆ ಹೇಳು, ನಿನ್ನ ಹೆಸರು ಕೊಡ್ತೀನಿ."

ಅಲ್ಲಿ ಕೊಡಲು ನನ್ನ ಹೆಸರಿದೆ, ನೋಡು. ಅವನು ಬರುವಾಗ ಬಾಗಿಲು ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು. ನಾನು ಬಂಡಿ ಹತ್ತಿದೆ.

ದಾರಿಯಲ್ಲಿ ಎಲ್ನಾ ಸುಮ್ಮನಿರಲಿಲ್ಲ. "ಸತ್ತುಹೋದ ಎತ್ತಿಗೆ ಇಷ್ಟು ಹೊಟ್ಟೆಕಿಚ್ಚಾ? ತಮ್ಮ ಕಣ್ರೀ ಅವನು! ನಿಮ್ಮ ಮುಖ ನೋಡಿ ಪಾದ್ರಿಗಳ ಹೆಂಡತಿ ಹಲ್ಲುನೋವಾ ಅಂತ ಕೇಳಿದ್ರು."

ಹೌದು, ಹೊಟ್ಟೆಕಿಚ್ಚೇ. ನಿನಗಲ್ಲದೆ ಇನ್ನಾರಿಗೂ ಹೇಳುವುದಿಲ್ಲ. ಅವನ ಕೋಟು ಬೇಡ, ಕುರ್ಚಿ ಬೇಡ. ನನ್ನ ಎತ್ತು ನನಗೆ ಬೇಕು.

ನಿನ್ನ ಮಕ್ಕಳನ್ನು ದೇವರು ಗಟ್ಟಿಯಾಗಿಟ್ಟಿರಲಿ. ಕ್ರಿಸ್‌ಮಸ್ ಬೆಳಗಿನ ಪ್ರಾರ್ಥನೆಗೆ ಹೋದಾಗ ಅಮ್ಮನ ಸಮಾಧಿಯ ಮೇಲೆ ನನ್ನ ಪರವಾಗಿ ಒಂದು ಮೇಣದಬತ್ತಿ ಹಚ್ಚು.

ನಿನ್ನ ಅಣ್ಣ,
ಆಲ್ಗೊಟ್

ತಾ.ಕ.: ಅಪ್ಪ ಆ ಪತ್ರಿಕೆಯ ಹಾಳೆಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ಬಂದವರಿಗೆಲ್ಲ ಓದಿ ಹೇಳುತ್ತಾರೆ ಎಂದು ನೀನು ಬರೆದಿದ್ದೆ. ಬ್ರೂನೆಯನ್ನು ಕೊಂಡಾಗ ನಾನು ಅಪ್ಪನಿಗೆ ತಿಳಿಸಿದ್ದೆ. "ಇಬ್ಬರು ಮಕ್ಕಳದೂ ಒಂದೊಂದು ಎತ್ತು, ನೊಗ ಒಂದೇ. ಇನ್ನು ನನಗೆ ನಿಶ್ಚಿಂತೆ" ಎಂದು ಅವರೇ ಉತ್ತರ ಬರೆದಿದ್ದರು. ಅಂದರೆ ಅವರಿಗೆ ಗೊತ್ತು. ಓದುವಾಗ ಆ ಸಾಲು ಬಂದಲ್ಲಿ ಅವರು ಸ್ವಲ್ಪವಾದರೂ ನಿಲ್ಲುತ್ತಾರಾ? "ಒಂದು ಆಲ್ಗೊಟನದು" ಅನ್ನುತ್ತಾರಾ? ನೀನು ಪಕ್ಕದಲ್ಲೇ ಇರುತ್ತೀಯ. ಇಲ್ಲವೆಂದರೆ ಇಲ್ಲವೆಂದೇ ಬರೆ.

ಶಾಸನಸಭೆ ಜನವರಿ ಆರರ ಮಂಗಳವಾರ ಶುರು. ಐದರ ಬೆಳಿಗ್ಗೆ ಸ್ವಾಂತೆಯನ್ನು, ಅವನ ಪೆಟ್ಟಿಗೆಯನ್ನು ರೈಲು ನಿಲ್ದಾಣಕ್ಕೆ ಒಯ್ಯುವುದು ನನ್ನ ಹಿಮದ ಜಾರುಬಂಡಿ.